ಡಿಜಿಟಲ್ ಫೊರೆನ್ಸಿಕ್ಸ್ ರಿಸರ್ಚ್ ಕಾನ್ಫರೆನ್ಸ್ ಪೂರ್ತಿ ಆನ್‌ಲೈನ್ ಮಾಡ್ತಿದೀವಿ, ಹೇಗೆ ಮಾಡಿದ್ರೆ ಚೆನ್ನಾಗಿರತ್ತೆ?

ಬಿಟ್‌ಕಾಪಿ:

ಎಲ್ರಿಗೂ ನಮಸ್ಕಾರ. ನಾವು ಡಿಜಿಟಲ್ ಫೊರೆನ್ಸಿಕ್ಸ್‌ನಲ್ಲಿ, ಅಂದ್ರೆ ಕಂಪ್ಯೂಟರ್ ಫೋನಿಂದ ಕೇಸಿಗೆ ಸಾಕ್ಷ್ಯ ತೆಗೆಯೋ ವಿದ್ಯೇಲಿ, ರಿಸರ್ಚ್ ಮಾಡೋ ಒಂದು ಸಣ್ಣ ಗುಂಪು, ಮುಂದಿನ ವರ್ಷದ ಕಾನ್ಫರೆನ್ಸನ್ನ ಪೂರ್ತಿ ಆನ್‌ಲೈನ್ ಮಾಡೋಣ ಅಂತ ಕಮಿಟಿಲಿ ಒಪ್ಕೊಂಡಿದೀವಿ, ಪ್ರೋಗ್ರಾಂ ನೋಡ್ಕೊಳ್ಳೋ ಜವಾಬ್ದಾರಿ ನಂದು. ಆನ್‌ಲೈನ್ ಯಾಕೆ ಅಂದ್ರೆ, ಪೇಪರ್ ಕಳಿಸೋರು ಮೂರ್ನಾಲ್ಕು ಖಂಡದಲ್ಲಿದಾರೆ, ಪ್ರತಿ ಸಲ ಒಳ್ಳೊಳ್ಳೆ ಪೇಪರ್ ಸೆಲೆಕ್ಟ್ ಆದ್ಮೇಲೆ ವೀಸಾ ಸಿಗ್ಲಿಲ್ಲ, ಪ್ರಯಾಣಕ್ಕೆ ಫಂಡ್ ಬರ್ಲಿಲ್ಲ ಅಂತ ಬರೆದವರೇ ಬರಲ್ಲ, ಇನ್ಯಾರೋ ಅವರ ಸ್ಲೈಡ್ ಓದಿ ಮುಗಿಸ್ತಾರೆ. ಅದು ನಂಗೆ ತುಂಬಾ ಬೇಜಾರಿನ ವಿಷಯ. ಜೊತೆಗೆ ದಿನಾ ಕೇಸು ನೋಡೋ ಲ್ಯಾಬ್ ಸಿಬ್ಬಂದಿಗೆ ಒಂದು ವಾರ ಡ್ಯೂಟಿ ಬಿಟ್ಟು ಬರೋಕೆ ರಜೆ ಸಿಗಲ್ಲ, ಅವರೇ ಇಲ್ಲ ಅಂದ್ರೆ ನಾವು ಬರೆಯೋ ಮೆಥಡ್ ನಿಜವಾದ ಕೇಸಲ್ಲಿ ನಿಲ್ಲತ್ತಾ ಇಲ್ವಾ ಅಂತ ಹೇಳೋರು ಯಾರು?

ಆದ್ರೆ ಬರೀ ಝೂಮ್ ಲಿಂಕ್ ಕೊಟ್ಟು ಬೆಳಗ್ಗಿಂದ ಸಂಜೆ ತನಕ ಒಂದಾದ್ಮೇಲೊಂದು ಸ್ಲೈಡ್ ಓಡಿಸೋದು ನಂಗೆ ಬೇಡ. ಭಾಷಣ ಹೇಗೋ ಆಗತ್ತೆ, ತಲೆ ಕೆಡ್ತಿರೋದು ಉಳಿದಿದ್ದಕ್ಕೆ. ಡಿಸ್ಕ್ ಇಮೇಜ್ (ಇಡೀ ಡಿಸ್ಕಿನ ಪಡಿಯಚ್ಚು ಫೈಲ್) ಕೊಟ್ಟು ಕೈಯಾರೆ ಮಾಡಿಸೋ ವರ್ಕ್‌ಶಾಪ್ ಮನೇಲಿ ಕೂತಿರೋರಿಗೆ ಹೇಗೆ ಮಾಡ್ಸೋದು, ತನಿಖೆ ಕಡೆಯವರು ಕೇಸ್ ಬಗ್ಗೆ ಮಾತಾಡ್ವಾಗ ರೆಕಾರ್ಡಿಂಗ್ ಏನ್ ಮಾಡೋದು, ಟೈಮ್ ಝೋನ್ ಹೇಗೆ ಸರಿದೂಗ್ಸೋದು, ಟಾಕ್ ಮೊದಲೇ ರೆಕಾರ್ಡ್ ಮಾಡ್ಸಿ ಇಡ್ಬೇಕಾ ಲೈವ್ ಇರ್ಬೇಕಾ. ಈ ಥರದ್ದು ನಡೆಸಿರೋರು, ಭಾಗವಹಿಸಿರೋರು ಯಾರಾದ್ರೂ ಇದ್ರೆ ದಯವಿಟ್ಟು ವಿವರವಾಗಿ ಬರೀರಿ, ಎಷ್ಟು ಉದ್ದ ಆದ್ರೂ ಓದ್ತೀನಿ.


ಸ್ಲ್ಯಾಕ್‌ಸ್ಪೇಸ್:

ಒಳ್ಳೆ ಪ್ರಶ್ನೆ. ಮೊದಲು ಒಂದು ಧೈರ್ಯದ ಮಾತು, ಈ ದಾರಿಲಿ ನಿಮಗಿಂತ ಮುಂಚೆ ಹೋದವರು ಇದಾರೆ. ನಮ್ಮ ಫೀಲ್ಡಿನ ಹಳೇ ಕಾನ್ಫರೆನ್ಸ್ ಡಿಎಫ್‌ಆರ್‌ಡಬ್ಲ್ಯೂಎಸ್ 2001ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂಟಿಕಾದಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಆಗಿ ಶುರುವಾಗಿದ್ದು, 2020ರಲ್ಲಿ ಕೋವಿಡ್ ಬಂದಾಗ ಆಕ್ಸ್‌ಫರ್ಡ್‌ನಲ್ಲಿ ಆಗ್ಬೇಕಿದ್ದ ಅದರ ಯುರೋಪ್ ಆವೃತ್ತಿ, ಮೆಂಫಿಸ್‌ನಲ್ಲಿ ಆಗ್ಬೇಕಿದ್ದ ಅಮೆರಿಕ ಆವೃತ್ತಿ ಎರಡೂ ಆನ್‌ಲೈನ್ ಆದ್ವು, ಏಷ್ಯಾ ಪೆಸಿಫಿಕ್ ಆವೃತ್ತಿ ಅಂತೂ 2021ರಲ್ಲಿ ಹುಟ್ಟಿದ್ದೇ ಆನ್‌ಲೈನಲ್ಲಿ. ಹಾಗಾಗಿ ಆಗತ್ತಾ ಇಲ್ವಾ ಅನ್ನೋ ಪ್ರಶ್ನೆ ಮುಗಿದಿದೆ, ಹೇಗೆ ಅನ್ನೋದಷ್ಟೇ ಉಳಿದಿರೋದು.

ನನ್ನ ಅಭಿಪ್ರಾಯ ಇಷ್ಟು: ಎಲ್ಲರೂ ಒಟ್ಟಿಗೆ ಎದ್ದು ಕೂತಿರೋ ಹೊತ್ತು ನಿಮ್ಮ ಹತ್ರ ತುಂಬಾ ಕಮ್ಮಿ ಇರತ್ತೆ, ಅದನ್ನ ಸ್ಲೈಡ್ ತೋರ್ಸೋಕೆ ಖರ್ಚು ಮಾಡ್ಬೇಡಿ. ಜುಲೈನಲ್ಲಿ ಯುಟಿಸಿ (ಎಲ್ಲ ದೇಶದ ಗಡಿಯಾರಕ್ಕೂ ಆಧಾರವಾದ ಸಮಯ) 13:00 ಅಂದ್ರೆ ನ್ಯೂಯಾರ್ಕಲ್ಲಿ ಬೆಳಗ್ಗೆ 9, ಬರ್ಲಿನ್‌ನಲ್ಲಿ ಮಧ್ಯಾಹ್ನ 3, ಟೋಕಿಯೋದಲ್ಲಿ ರಾತ್ರಿ 10, ಸಿಡ್ನಿಲಿ ರಾತ್ರಿ 11. ಇಲ್ಲಿಂದ ಮೂರು ಗಂಟೆ ಎಳೆದ್ರೆ ಸಿಡ್ನಿಯವರಿಗೆ ಬೆಳಗಿನ ಜಾವ 2 ಆಗತ್ತೆ, ಅವರು ಮೊದಲ ದಿನ ಬಂದು ಎರಡನೇ ದಿನದಿಂದ ನಾಪತ್ತೆ ಆಗ್ತಾರೆ. ಅದಕ್ಕೇ ದಿನಕ್ಕೆ ಎಂಟು ಗಂಟೆ ಎರಡು ದಿನ ಅನ್ನೋ ಲೆಕ್ಕ ಬಿಟ್ಟು ದಿನಕ್ಕೆ ಮೂರು ಗಂಟೆ ಮೀರದ ಹಾಗೆ ನಾಲ್ಕೈದು ದಿನಕ್ಕೆ ಹರಡಿ, ಶುರುವಾಗೋ ಹೊತ್ತನ್ನ ದಿನ ಬಿಟ್ಟು ದಿನ ಬದಲಾಯಿಸಿ, ನಿದ್ದೆಗೆಡೋ ಕಷ್ಟ ಒಂದೇ ಖಂಡದವರ ಪಾಲಿಗೆ ಬೀಳಬಾರ್ದು.

ಐಸಿಎಲ್‌ಆರ್ ಅಂತ ಮಷೀನ್ ಲರ್ನಿಂಗ್ ಕಾನ್ಫರೆನ್ಸ್ ಇದೆಯಲ್ಲ, ಅದು 2020ರ ಏಪ್ರಿಲ್‌ನಲ್ಲಿ ಅಡಿಸ್ ಅಬಾಬಾದಲ್ಲಿ ಆಗ್ಬೇಕಿತ್ತು, ಕೊನೇ ಗಳಿಗೇಲಿ ಪೂರ್ತಿ ಆನ್‌ಲೈನ್ ಆಯ್ತು. ಅವರು ಮಾಡಿದ್ದು ಏನಂದ್ರೆ ಪ್ರತಿ ಪೇಪರಿಗೂ ಒಂದು ಚಿಕ್ಕ ರೆಕಾರ್ಡೆಡ್ ವಿಡಿಯೋ ಮೊದಲೇ ಹಾಕಿದ್ರು, ಅದರ ಮೇಲೆ ಬರೆದವರ ಜೊತೆ ಲೈವ್ ಪ್ರಶ್ನೋತ್ತರಕ್ಕೆ ದಿನದ ಬೇರೆ ಬೇರೆ ಹೊತ್ತಲ್ಲಿ ಎರಡು ಸಲ ಅವಕಾಶ ಇಟ್ರು. ಒಂದು ತಪ್ಪಿದ್ರೆ ಇನ್ನೊಂದು ಸಿಗತ್ತೆ. ಆ ವೆಬ್‌ಸೈಟಿನ ಕೋಡನ್ನ ಮಿನಿಕಾನ್ಫ್ ಅಂತ ಹೆಸರಿಟ್ಟು ಓಪನ್ ಸೋರ್ಸ್ ಕೂಡ ಮಾಡಿದ್ರು, ಪ್ರತಿ ಪೇಪರಿಗೊಂದು ಪುಟ, ಅದ್ರಲ್ಲೇ ವಿಡಿಯೋ, ಅದ್ರಲ್ಲೇ ಚಾಟ್. ನೀವು ಅದೇ ಮಾದರಿ ಹಿಡಿದ್ರೆ ಅರ್ಧ ತಲೆನೋವು ಕಮ್ಮಿ. ಕಂಪ್ಯೂಟರ್ ತಜ್ಞರ ಸಂಘ ಎಸಿಎಂ ಕೂಡ ಅದೇ ವರ್ಷ ವರ್ಚುವಲ್ ಕಾನ್ಫರೆನ್ಸ್ ನಡೆಸೋರಿಗೆ ಅಂತ ಒಂದು ಗೈಡ್ ತಂತು, ಕಮಿಟಿಲಿ ಎಲ್ರೂ ಒಂದ್ಸಲ ಓದಿ.

ಇನ್ನೊಂದು, ದಯವಿಟ್ಟು ಮಾರ್ಚ್ ತಿಂಗಳ ಮಧ್ಯದಿಂದ ಕೊನೆ ತನಕ ಇಟ್ಕೋಬೇಡಿ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗತ್ತೆ, ಯುರೋಪಲ್ಲಿ ಕೊನೇ ಭಾನುವಾರ, ನಡುವೆ ಎರಡು ಮೂರು ವಾರ ಎರಡೂ ಕಡೆಯ ಅಂತರ ಎಂದಿನಂತೆ ಇರಲ್ಲ, ಜನ ಒಂದು ಗಂಟೆ ಮುಂಚೆ ಇಲ್ಲ ಲೇಟಾಗಿ ಬರ್ತಾರೆ. ಎಲ್ಲ ಕಡೆ ಯುಟಿಸಿಲೇ ಹಾಕಿ, ಜೊತೆಗೆ ಕ್ಯಾಲೆಂಡರ್ ಫೈಲ್ ಕೊಡಿ. ಡಿಸ್ಕಲ್ಲಿ ಫೈಲ್ ಇಡೋ ವ್ಯವಸ್ಥೆಗಳಲ್ಲಿ ಎನ್‌ಟಿಎಫ್‌ಎಸ್ ಟೈಮ್‌ಸ್ಟ್ಯಾಂಪ್ ಯುಟಿಸಿ, ಎಫ್‌ಎಟಿ ಲೋಕಲ್ ಟೈಮ್ ಅಂತ ದಿನಾ ಗುದ್ದಾಡೋ ಜನ ನಾವು, ನಮ್ಮ ವೇಳಾಪಟ್ಟಿಲಿ ಈ ಗೊಂದಲ ಇರ್ಲೇಬಾರ್ದು.


ಲ್ಯಾಬ್_ಮಂದಿ:

ನಮಸ್ಕಾರ್ರಿ. ನಾ ಕೇಸ್ ನೋಡೋ ಕಡೆಯವ, ಪೇಪರ್ ಬರಿಯೋವಲ್ಲ, ಆದ್ರ ನಿಮ್ಮಂಥವ್ರು ಬರ್ದಿದ್ದನ್ನ ದಿನಾ ಉಪಯೋಗ್ಸೋವ. ನಮ್ಮ ಕಡಿಂದ ಒಂದೆರಡು ಮಾತು ಹೇಳ್ತೀನಿ, ಯಾಕಂದ್ರ ಇಂಥಾ ಕಾನ್ಫರೆನ್ಸ್ ಆನ್‌ಲೈನ್ ಆದಾಗಷ್ಟ ನಮ್ಮಂದಿಗೆ ಬರ್ಲಿಕ್ಕೆ ಸಾಧ್ಯ ಆಗತೈತಿ, ಅದು ಕೆಡಬಾರ್ದು ಅನ್ನೋ ಆಸೆ ಐತಿ.

ಮೊದಲ್ನೇದು, ನಮ್ಮ ಆಫೀಸ್ ಕಂಪ್ಯೂಟರ್ ಮ್ಯಾಲೆ ನಾವು ಏನೂ ಇನ್‌ಸ್ಟಾಲ್ ಮಾಡಂಗಿಲ್ರಿ. ಎಕ್ಸಾಮಿನೇಶನ್ ಮಷೀನಿಗೆ ಅಂತೂ ಇಂಟರ್ನೆಟ್ಟೇ ಇರಂಗಿಲ್ಲ, ಇರಲೂಬಾರ್ದು. ಇಂಟರ್ನೆಟ್ ಇರೋ ಮಷೀನಿನ್ಯಾಗ ಅರ್ಧ ಸೈಟ್ ಬ್ಲಾಕ್, ಡಿಸ್ಕಾರ್ಡ್ ಬ್ಲಾಕ್, ಕ್ಯಾಮೆರಾ ಬಂದ್. ಅದಕ್ಕ ನೀವು ಏನ ಮಾಡಿದ್ರೂ ಬ್ರೌಸರಿನ್ಯಾಗ ತೆರೀಬೇಕು, ಜೊತೀಗೆ ಫೋನ್‌ನ್ಯಾಗ ಬರೀ ಆಡಿಯೋ ಕೇಳೋ ದಾರಿ ಇರಬೇಕು. ವಾರಾ ಎರಡ ವಾರಾ ಮೊದ್ಲ ಒಂದು ಟೆಸ್ಟ್ ಲಿಂಕ್ ಕೊಡ್ರಿ, ಆಫೀಸಿನ್ಯಾಗ ತೆರಿತೈತೋ ಇಲ್ಲೋ ನೋಡ್ಕೊಂಡು ಐಟಿಯವ್ರಿಗೆ ಅರ್ಜಿ ಹಾಕ್ಲಿಕ್ಕೆ ನಮಗ ಟೈಮ್ ಬೇಕಾಗತೈತಿ.

ಎರಡ್ನೇದು ರೆಕಾರ್ಡಿಂಗ್. ಕೋರ್ಟಿನ್ಯಾಗ ಇನ್ನೂ ನಡಿಯೋ ಕೇಸಿನ ಬಗ್ಗೆ ಯಾರೂ ಬಾಯಿ ಬಿಡಬಾರ್ದು, ಹೆಸರ ತೆಗದ್ರೂ ಬ್ಯಾಡ, ಅದು ಎದುರಿದ್ರೂ ಅಷ್ಟ ಆನ್‌ಲೈನ್ ಇದ್ರೂ ಅಷ್ಟ. ಮುಗದ ಕೇಸಿನ್ಯಾಗ ಕಲ್ತಿದ್ದನ್ನ ಹೇಳ್ಬೇಕಂದ್ರ ಒಂದು ಮುಚ್ಚಿದ ಸೆಷನ್ ಇಡ್ರಿ, ರೆಕಾರ್ಡಿಂಗ್ ಇಲ್ಲ, ಚಾಟ್ ಉಳಿಸೋದು ಇಲ್ಲ, ಬರೋರ ಗುರ್ತು ಮೊದ್ಲ ಆಫೀಸ್ ಇಮೇಲಿನ ಮ್ಯಾಲೆ ಖಾತ್ರಿ ಮಾಡ್ಕೋರಿ. ಚಾಥಮ್ ಹೌಸ್ ರೂಲ್ ಅಂತ 1927ರಿಂದ ಐತಲ್ಲ, ಕೇಳಿದ ವಿಷಯ ಉಪಯೋಗಸ್ಬಹುದು ಆದ್ರ ಯಾರು ಹೇಳಿದ್ರು ಅಂತ ಹೊರಗ ಹೇಳಂಗಿಲ್ಲ, ಅದನ್ನ ಸೆಷನ್ ಶುರು ಆಗೂ ಮೊದ್ಲ ಬಾಯಿಬಿಟ್ಟು ಹೇಳ್ರಿ. ಹಂಗಂತ ಪೂರಾ ಭದ್ರ ಅಂತ ತಿಳ್ಕೋಬ್ಯಾಡ್ರಿ, ಸ್ಕ್ರೀನಿನ ಫೋಟೋ ಪಕ್ಕದ ಫೋನಿಂದ ಯಾರ ಬೇಕಾದ್ರೂ ತಗೀಬಹುದು, ತಡಿಯೋ ದಾರಿ ಇಲ್ಲ. ಹೊರಗ ಹೋದ್ರ ಯಾರಿಗಾದ್ರೂ ಪೆಟ್ಟಾಗತೈತಿ ಅನ್ನೂವಂಥ ವಿಷಯ ಮುಚ್ಚಿದ ಸೆಷನ್ನಿನ್ಯಾಗೂ ಬರಬಾರ್ದು.

ಮೂರ್ನೇದು ಸ್ಕ್ರೀನ್ ಶೇರ್, ಇದು ಭಾಳ ಮಂದಿಗೆ ಗೊತ್ತಾಗಂಗಿಲ್ಲ. ಆಟಾಪ್ಸಿ ಅನ್ನೋ ಡಿಸ್ಕ್ ಇಮೇಜ್ ಪರೀಕ್ಷೆ ಮಾಡೋ ಟೂಲ್ ತೆರದ್ರ ಮೊದ್ಲ ಬರೋ ಕಿಟಕಿಯೊಳಗ ಇತ್ತೀಚಿಗೆ ತೆಗದ ಕೇಸು ಅಂತ ಒಂದು ಬಟನ್ ಇರತೈತಿ, ಒತ್ತಿದ್ರ ಹಳೇ ಕೇಸಿನ ಹೆಸರು ಸಾಲಾಗಿ ಬರ್ತಾವು. ಡೆಮೋ ಮಾಡೋವ ಅದನ್ನ ಗಮನಸಿರಂಗಿಲ್ಲ, ನೋಡೋ ನೂರು ಮಂದಿ ಗಮನಸ್ತಾರ. ಡೆಮೋಕ್ಕ ಅಂತ ಬ್ಯಾರೆ ಹೊಸಾ ವರ್ಚುವಲ್ ಮಷೀನ್ (ವಿಎಂ, ಕಂಪ್ಯೂಟರಿನೊಳಗ ಸಾಫ್ಟ್‌ವೇರಿಂದ ಓಡೋ ಇನ್ನೊಂದು ಕಂಪ್ಯೂಟರ್) ಇಡಬೇಕು, ನೋಟಿಫಿಕೇಶನ್ ಬಂದ್ ಮಾಡಬೇಕು, ಪೂರಾ ಸ್ಕ್ರೀನ್ ಬಿಟ್ಟು ಆ ಒಂದ ಕಿಟಕಿ ಶೇರ್ ಮಾಡಬೇಕು ಅಂತ ಮಾತಾಡೋರಿಗೆ ನೀವು ಬರ್ದು ಕೊಡ್ರಿ.

ಸ್ಲೈಡಿನ್ಯಾಗೂ ಇದ ಕಥಿ. ಪವರ್‌ಪಾಯಿಂಟಿನ್ಯಾಗ ಚಿತ್ರ ಕ್ರಾಪ್ ಮಾಡಿದ್ರ ಕತ್ತರಿಸಿದ ಭಾಗ ಫೈಲಿನೊಳಗ ಹಂಗ ಉಳದಿರತೈತಿ, ಅದನ್ನ ಬ್ಯಾರೆ ಅಳಿಸಬೇಕು. 2023ರಾಗ ಪಿಕ್ಸೆಲ್ ಫೋನಿನ ಮಾರ್ಕಪ್ ಟೂಲಿನ್ಯಾಗ ಅಕ್ರಾಪಲಿಪ್ಸ್ ಅನ್ನೋ ದೋಷ ಸಿಕ್ಕಿತ್ತಲ್ರಿ, ಕ್ರಾಪ್ ಮಾಡಿದ ಸ್ಕ್ರೀನ್‌ಶಾಟಿಂದ ಕತ್ತರಿಸಿದ ಭಾಗದ ಒಂದಿಷ್ಟನ್ನ ವಾಪಸ್ ತಗೀಬಹುದಿತ್ತು, ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲಿನ್ಯಾಗೂ ಅಂಥದ್ದ ಇತ್ತು. ನಿಮ್ಮ ಕಾನ್ಫರೆನ್ಸಿಗೆ ಬರೋರು ಇಂಥಾದ್ದನ್ನ ಹುಡುಕೋದ ಕೆಲಸ ಮಾಡಿಕೊಂಡಿರೋ ಮಂದಿ, ಸ್ಲೈಡ್ ಅಪ್‌ಲೋಡ್ ಮಾಡೋ ಮೊದ್ಲ ಕಮಿಟಿಯವ್ರು ಒಬ್ರು ಮೆಟಾಡೇಟಾ (ಫೈಲಿನೊಳಗ ಅಡಗಿರೋ ವಿವರ) ಸಮೇತ ನೋಡೋದು ಒಳ್ಳೇದು.


ಇಂಕ್ವೆಸ್ಟ್:

ಸ್ಲ್ಯಾಕ್‌ಸ್ಪೇಸ್ ಅವರು ಹೇಳಿದ ಹೆಚ್ಚಿನದಕ್ಕೆ ನಂದೂ ಸಮ್ಮತಿ ಇದೆ, ಆದ್ರೆ ಟಾಕ್ ಎಲ್ಲ ಮೊದಲೇ ರೆಕಾರ್ಡ್ ಮಾಡ್ಸಿ ಅನ್ನೋದಕ್ಕೆ ನನ್ನ ವಿರೋಧ ಇದೆ. ರೆಕಾರ್ಡ್ ಮಾಡಿದ ವಿಡಿಯೋನ ಮೊದಲೇ ನೋಡ್ಕೊಂಡು ಬನ್ನಿ ಅಂದ್ರೆ ಎಷ್ಟು ಜನ ನೋಡ್ಕೊಂಡು ಬರ್ತಾರೆ ಹೇಳಿ? ಕೆಲಸದ ನಡುವೆ ಯಾರಿಗೂ ಪುರುಸೊತ್ತಿರಲ್ಲ. ಆಮೇಲೆ ಪ್ರಶ್ನೋತ್ತರಕ್ಕೆ ಬಂದೋರು ಮೌನವಾಗಿ ಕೂತಿರ್ತಾರೆ, ಚೇರ್ ಒಬ್ರೇ ಮರ್ಯಾದೆಗೆ ಒಂದು ಪ್ರಶ್ನೆ ಕೇಳಿ ಮುಗಿಸ್ತಾರೆ. ಅದನ್ನ ನೋಡೋಕೆ ಸಂಕಟ ಆಗತ್ತೆ, ಅಷ್ಟು ಕಷ್ಟಪಟ್ಟು ಮಾಡಿದ ಕೆಲಸಕ್ಕೆ ಒಂದೇ ಒಂದು ಪ್ರಶ್ನೆ.

ಅದಕ್ಕಿಂತ ಮುಖ್ಯವಾದ್ದು, ನಮ್ಮದು ಬೇರೆ ಕಂಪ್ಯೂಟರ್ ಸೈನ್ಸ್ ಥರ ಅಲ್ಲ. ನಮ್ಮ ಮೆಥಡ್ ಕೊನೆಗೆ ಒಬ್ಬ ಮನುಷ್ಯನ ಜೈಲು ಬಿಡುಗಡೆ ತೀರ್ಮಾನ ಮಾಡೋ ಜಾಗಕ್ಕೆ ಹೋಗತ್ತೆ. ಅಮೆರಿಕದ ಸುಪ್ರೀಂ ಕೋರ್ಟ್ 1993ರ ಡೌಬರ್ಟ್ ತೀರ್ಪಲ್ಲಿ ವೈಜ್ಞಾನಿಕ ಸಾಕ್ಷ್ಯ ಒಪ್ಪೋಕೆ ಏನೇನು ನೋಡ್ಬೇಕು ಅಂತ ಹೇಳ್ತಲ್ಲ, ಪರೀಕ್ಷೆ ಮಾಡೋಕಾಗತ್ತಾ, ಪೀರ್ ರಿವ್ಯೂ (ಬೇರೆ ತಜ್ಞರ ಪರಿಶೀಲನೆ) ಆಗಿದೆಯಾ, ಎರರ್ ರೇಟ್ ಎಷ್ಟು, ಆ ಫೀಲ್ಡಿನವರು ಒಪ್ಕೊಂಡಿದಾರಾ. ಈ ನಾಲ್ಕು ಪ್ರಶ್ನೆನ ಬರೆದವರಿಗೆ ಮುಖಕ್ಕೆ ಮುಖ ಕೊಟ್ಟು ಕೇಳೋ ಜಾಗ ಕಾನ್ಫರೆನ್ಸು. ನಿಮ್ಮ ಟೂಲ್ ಯಾವ ವರ್ಷನ್ ಆಂಡ್ರಾಯ್ಡ್ ಮೇಲೆ ಟೆಸ್ಟ್ ಆಯ್ತು, ಅದ್ರಲ್ಲಿ ಮೆಸೇಜ್ ಇರೋ ಡೇಟಾಬೇಸಿನ ಸ್ಕೀಮಾ (ರಚನೆ) ಮುಂದಿನ ಅಪ್‌ಡೇಟಲ್ಲಿ ಬದಲಾದ್ರೆ ನಿಮ್ಮ ಪಾರ್ಸರ್ (ಅದನ್ನ ಓದೋ ಪ್ರೋಗ್ರಾಂ) ಸುಮ್ನೆ ಖಾಲಿ ಔಟ್‌ಪುಟ್ ಕೊಡತ್ತಾ ಇಲ್ಲ ಎರರ್ ಅಂತ ಕೂಗತ್ತಾ? ಖಾಲಿ ಕೊಟ್ರೆ ಎಕ್ಸಾಮಿನರ್ ಅಲ್ಲಿ ಮೆಸೇಜೇ ಇರ್ಲಿಲ್ಲ ಅಂತ ರಿಪೋರ್ಟ್ ಬರೀತಾನೆ. ಇಂಥ ಪ್ರಶ್ನೆ ಲೈವಾಗಿ, ಉಳಿದವರೆಲ್ಲ ಕೇಳ್ತಿರ್ವಾಗ ಬರ್ಬೇಕು.

ನನ್ನ ಸಲಹೆ: ಹತ್ತು ನಿಮಿಷ ಲೈವ್ ಟಾಕ್, ಹದಿನೈದು ನಿಮಿಷ ಚರ್ಚೆ. ರೆಕಾರ್ಡಿಂಗ್ ಬೇಕಾದ್ರೆ ಇಟ್ಕೊಳ್ಳಿ, ನೆಟ್ ಕೈಕೊಟ್ರೆ ಹಾಕೋಕೆ. ಮತ್ತೆ ಪ್ರತಿ ಪೇಪರಿಗೂ ಮೊದಲೇ ಒಬ್ಬ ಚರ್ಚೆ ಶುರು ಮಾಡೋರನ್ನ ನೇಮಿಸಿ, ಅವರು ಪೇಪರ್ ಪೂರ್ತಿ ಓದಿ ಎರಡು ಗಟ್ಟಿ ಪ್ರಶ್ನೆ ಹಿಡ್ಕೊಂಡು ಬರ್ಬೇಕು. ಆ ಜಾಗಕ್ಕೆ ಲ್ಯಾಬ್_ಮಂದಿ ಥರದವರನ್ನ ಕರೀರಿ. ಮೊದಲ ಪ್ರಶ್ನೆ ಗಟ್ಟಿಯಾಗಿ ಬಿದ್ರೆ ಉಳಿದವರು ತಾವಾಗೇ ಬಾಯಿ ಬಿಡ್ತಾರೆ.


ಸ್ಲ್ಯಾಕ್‌ಸ್ಪೇಸ್:

ಇಂಕ್ವೆಸ್ಟ್ ಮೇಡಂ, ಚರ್ಚೆ ಶುರು ಮಾಡೋರನ್ನ ನೇಮಿಸೋದು ನಿಜವಾಗ್ಲೂ ಒಳ್ಳೆ ಐಡಿಯಾ, ಅದನ್ನ ನಾನು ಯೋಚ್ನೆ ಮಾಡಿರ್ಲಿಲ್ಲ. ಆದ್ರೆ ರೆಕಾರ್ಡಿಂಗ್ ವಿಷಯದಲ್ಲಿ ನಾನು ಬದಲಾಗಲ್ಲ, ಯಾಕಂದ್ರೆ ನಿದ್ದೆಗೆಟ್ಟು ಲೈವಾಗಿ ಬರೋಕಾಗದ ಖಂಡದವರಿಗೆ ಆ ವಿಡಿಯೋ ಒಂದೇ ಗತಿ. ಇಂಗ್ಲಿಷ್ ಸರಾಗವಾಗಿ ಬರದ ಸಂಶೋಧಕರಿಗೂ ರೆಕಾರ್ಡ್ ಮಾಡೋದ್ರಲ್ಲಿ ಎಷ್ಟೋ ನೆಮ್ಮದಿ ಇದೆ, ತಡವರಿಸಿದ್ರೆ ಮತ್ತೆ ಮಾಡ್ಬಹುದು, ಕ್ಯಾಪ್ಷನ್ ಕೈಯಲ್ಲಿ ತಿದ್ದಬಹುದು. ಆಟೋ ಕ್ಯಾಪ್ಷನ್ ನಮ್ಮ ಪದಗಳನ್ನ ಹಾಳುಗೆಡವತ್ತೆ, ಹೆಕ್ಸ್ ಹ್ಯಾಶ್ ಹೈಬರ್‌ಫಿಲ್ ಅಂತೆಲ್ಲ ಹೇಳಿದ್ರೆ ಏನೇನೋ ಬರತ್ತೆ, ಕಿವಿ ಕೇಳದವರು ಅದನ್ನ ನಂಬ್ಕೊಂಡು ಓದ್ತಾರೆ ಅನ್ನೋದು ಮರೀಬಾರ್ದು. ಹಾಗಾಗಿ ವಿಡಿಯೋನೂ ಇರ್ಲಿ, ಲೈವ್ ಚರ್ಚೆನೂ ಇರ್ಲಿ, ಲೈವಲ್ಲಿ ಬರೆದವರು ಐದು ನಿಮಿಷ ಸಾರಾಂಶ ಹೇಳಿ ನೇರ ಪ್ರಶ್ನೆಗೆ ಹೋಗ್ಲಿ.


ಬಿಟ್‌ಕಾಪಿ:

ಎಲ್ರಿಗೂ ಧನ್ಯವಾದ, ಇಷ್ಟು ಉಪಯೋಗದ ಉತ್ತರ ಬರತ್ತೆ ಅಂದ್ಕೊಂಡಿರ್ಲಿಲ್ಲ. ಐದು ನಿಮಿಷ ಸಾರಾಂಶ, ಆಮೇಲೆ ಚರ್ಚೆ, ಪ್ರತಿ ಪೇಪರಿಗೆ ಒಬ್ಬ ಲ್ಯಾಬ್ ಕಡೆಯವರು, ಇದನ್ನ ಕಮಿಟಿ ಮುಂದೆ ಇಡ್ತೀನಿ. ಲ್ಯಾಬ್_ಮಂದಿ ಸರ್, ಡೆಮೋ ಬಗ್ಗೆ ನೀವು ಹೇಳಿದ್ದನ್ನ ಹಾಗೇ ಭಾಷಣಕಾರರ ಸೂಚನೇಲಿ ಸೇರಿಸ್ತೀನಿ.

ಆದ್ರೆ ವರ್ಕ್‌ಶಾಪ್ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಒಂದು ಸಣ್ಣ ಕೇಸಿನ ಇಮೇಜೇ ಹತ್ತಿಪ್ಪತ್ತು ಜಿಬಿ ಇರತ್ತೆ, ನೆಟ್ ನಿಧಾನ ಇರೋರು ಏನ್ ಮಾಡ್ಬೇಕು, ಒಬ್ಬೊಬ್ಬರ ಲ್ಯಾಪ್‌ಟಾಪ್ ಒಂದೊಂದು ಥರ, ಮೊದಲ ಒಂದು ಗಂಟೆ ಇನ್‌ಸ್ಟಾಲ್ ಆಗ್ತಿಲ್ಲ ಅನ್ನೋದ್ರಲ್ಲೇ ಹೋಗತ್ತೆ. ಮತ್ತೆ ಸ್ಪರ್ಧೆ ಥರ ಏನಾದ್ರೂ ಇಡ್ಬೇಕು ಅಂತ ಆಸೆ ಇದೆ.


ಕಾರ್ವರ್:

ವರ್ಕ್‌ಶಾಪ್ ನಡೆಸೋ ಕೆಲಸ ನಂದು, ಹಾಗಾಗಿ ಇದಕ್ಕೆ ನಾನು ಬರೀತೀನಿ.

ಮೊದಲು ಡೇಟಾ ಯಾವ್ದು ಅನ್ನೋದು. ನಿಜವಾದ ಮನುಷ್ಯರ ಡೇಟಾ ಯಾವ ಕಾರಣಕ್ಕೂ ಬೇಡ, ಸೆಕೆಂಡ್ ಹ್ಯಾಂಡ್ ಡಿಸ್ಕ್ ತಗೊಂಡು ಅದ್ರಲ್ಲಿ ಉಳಿದಿರೋದನ್ನ ತೋರ್ಸೋದು ಅಂತೂ ಬೇಡವೇ ಬೇಡ. ಎದುರು ಕೂತಿರೋ ಕ್ಲಾಸಲ್ಲಾದ್ರೆ ಇಮೇಜ್ ಕೊಟ್ಟು ವಾಪಸ್ ತಗೋಬಹುದು, ಒಂದ್ಸಲ ನೆಟ್ಟಿಗೆ ಹಾಕಿದ್ಮೇಲೆ ಅದು ಎಲ್ಲಿ ಹೋಯ್ತು ಅಂತ ದೇವರಿಗೇ ಗೊತ್ತು. ಡಿಜಿಟಲ್ ಕಾರ್ಪೊರಾ ಸೈಟಲ್ಲಿ ಎಂ57 ಪೇಟೆಂಟ್ಸ್ ಅಂತ ಒಂದು ಸನ್ನಿವೇಶ ಇದೆ, ಒಂದು ಕಾಲ್ಪನಿಕ ಕಂಪನಿ, ಅದರ ನೌಕರರ ಪಾತ್ರ ವಹಿಸಿ ಜನ ದಿನಾ ಕಂಪ್ಯೂಟರ್ ಬಳಸಿ, ಪ್ರತಿ ದಿನದ ಡಿಸ್ಕ್ ಇಮೇಜ್, ಮೆಮೊರಿ, ನೆಟ್‌ವರ್ಕ್ ಟ್ರಾಫಿಕ್ ಎಲ್ಲ ಹಿಡಿದಿಟ್ಟಿರೋದು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನವರ ಸಿಎಫ್‌ರೆಡ್ಸ್ ಸಂಗ್ರಹದಲ್ಲೂ ಕಲಿಯೋಕೆ, ಟೂಲ್ ಪರೀಕ್ಷೆ ಮಾಡೋಕೆ ಅಂತ ಇಮೇಜ್‌ಗಳಿವೆ. ಇವನ್ನ ಬಳಸಿ, ಇಲ್ಲ ನೀವೇ ಒಂದು ಕಥೆ ಹೆಣೆದು ವಿಎಂ ಒಳಗೆ ನಾಲ್ಕು ದಿನ ಬಳಸಿ ಇಮೇಜ್ ಮಾಡಿ, ಅದಕ್ಕೆ ಸಮಯ ಹಿಡಿಯತ್ತೆ, ಈಗಿಂದಲೇ ಶುರು ಮಾಡಿ. ನೀವೇ ಮಾಡೋದ್ರ ದೊಡ್ಡ ಲಾಭ, ಉತ್ತರ ಇಂಟರ್ನೆಟ್ಟಲ್ಲಿ ಸಿಗಲ್ಲ.

ಇನ್ನು ತಲುಪ್ಸೋದು. ಎರಡು ದಾರಿ ಇಡಿ. ಡೌನ್‌ಲೋಡ್ ಮಾಡ್ಕೋಬಲ್ಲವರಿಗೆ ಎರಡು ವಾರ ಮುಂಚೆ ಇಮೇಜ್ ಕೊಡಿ, ಇ01 (ಡಿಸ್ಕ್ ಇಮೇಜಿನ ಒಂದು ಫಾರ್ಮ್ಯಾಟ್) ಫೈಲನ್ನ ಒಂದೊಂದು ಜಿಬಿ ತುಂಡಾಗಿ ಒಡೆದು ಹಾಕಿ, ನಡುವೆ ನಿಂತ್ರೆ ಆ ತುಂಡು ಮಾತ್ರ ಮತ್ತೆ ಇಳಿಸಿದ್ರೆ ಸಾಕು. ಸಂಶೋಧನೆಯ ಡೇಟಾ ಇಡೋ ಝೆನೋಡೋ ಸೈಟಲ್ಲಿ ಒಂದು ರೆಕಾರ್ಡಿಗೆ 50 ಜಿಬಿ ತನಕ ಜಾಗ ಇದೆ, ಡಿಒಐ ಅನ್ನೋ ಶಾಶ್ವತ ಗುರುತಿನ ಸಂಖ್ಯೆನೂ ಸಿಗತ್ತೆ, ನಾಳೆ ಪೇಪರಲ್ಲಿ ಉಲ್ಲೇಖ ಮಾಡೋಕೆ ಬರತ್ತೆ. ಪ್ರತಿ ತುಂಡಿಗೂ ಎಸ್‌ಎಚ್‌ಎ 256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹಾಕಿ, ವರ್ಕ್‌ಶಾಪಿನ ಮೊದಲ ಕೆಲಸನೇ ಹ್ಯಾಶ್ ತಾಳೆ ನೋಡೋದು ಅಂತ ಇಟ್ಬಿಡಿ. ಡೌನ್‌ಲೋಡ್ ಕೆಟ್ಟಿದ್ರೆ ಅಲ್ಲೇ ಗೊತ್ತಾಗತ್ತೆ, ಜೊತೆಗೆ ಕೇಸಲ್ಲಿ ಮಾಡೋ ಮೊದಲ ಕೆಲಸದ ಅಭ್ಯಾಸನೂ ಆಗತ್ತೆ.

ಡೌನ್‌ಲೋಡ್ ಆಗದವರಿಗೆ, ಮುಖ್ಯವಾಗಿ ಲ್ಯಾಬ್_ಮಂದಿ ಹೇಳಿದ ಹಾಗೆ ಏನೂ ಇನ್‌ಸ್ಟಾಲ್ ಮಾಡೋಕಾಗದವರಿಗೆ, ಕ್ಲೌಡಲ್ಲಿ ಸಿದ್ಧ ಮಾಡಿದ ವಿಎಂ ಕೊಟ್ಟು ಅಪಾಚೆ ಗ್ವಾಕಮೋಲಿ ಅನ್ನೋ ಟೂಲಿಂದ ಬ್ರೌಸರಿಗೆ ತಲುಪ್ಸಿ. ಬ್ರೌಸರಲ್ಲಿ ಲಾಗಿನ್ ಆದ್ರೆ ಡೆಸ್ಕ್‌ಟಾಪ್ ಬರತ್ತೆ, ಟೂಲ್ ಇಮೇಜ್ ಎಲ್ಲ ಅಲ್ಲೇ ಇರತ್ತೆ, ಅವರ ಕಡೆ ಬೇಕಾಗಿರೋದು ಸ್ಕ್ರೀನಿನ ಚಿತ್ರ ಬರೋವಷ್ಟು ನೆಟ್ ಮಾತ್ರ. ಒಂದು ಗುಟ್ಟು, ಇಮೇಜ್ ಇಂಜೆಸ್ಟ್ ಮಾಡೋದನ್ನ (ಟೂಲ್ ಅದನ್ನ ಓದಿ ಹುಡುಕೋಕೆ ಸಿದ್ಧ ಮಾಡೋದು) ಮೊದಲೇ ಮುಗಿಸಿಟ್ಟಿರಿ. ಆಟಾಪ್ಸಿಲಿ ಕೀವರ್ಡ್ ಇಂಡೆಕ್ಸಿಂಗ್ ಎಲ್ಲ ಹಾಕಿ ಮೂವತ್ತು ಜನ ಒಟ್ಟಿಗೆ ರನ್ ಒತ್ತಿದ್ರೆ ಸರ್ವರ್ ಮಲಗತ್ತೆ, ನೀವು ಮುಕ್ಕಾಲು ಗಂಟೆ ಪ್ರೋಗ್ರೆಸ್ ಬಾರ್ ನೋಡ್ತಾ ಕೂರ್ತೀರ. ಒಂದು ಸಣ್ಣ ಇಮೇಜ್ ಮೇಲೆ ಇಂಜೆಸ್ಟ್ ಹೇಗೆ ಅಂತ ತೋರ್ಸಿ, ಆಮೇಲೆ ಸಿದ್ಧವಾಗಿರೋ ದೊಡ್ಡ ಕೇಸ್ ತೆರೀರಿ.

ಸಹಾಯಕ್ಕೆ ಎಂಟು ಹತ್ತು ಜನಕ್ಕೊಬ್ಬರಂತೆ ಬ್ರೇಕೌಟ್ ರೂಮಲ್ಲಿ ಇರ್ಬೇಕು, ಇದ್ರಲ್ಲಿ ಕಂಜೂಸ್ ಮಾಡ್ಬೇಡಿ. ಎದುರಿಗಿದ್ರೆ ಯಾರು ಸಿಕ್ಕಾಕೊಂಡಿದಾರೆ ಅಂತ ಮುಖ ನೋಡಿದ್ರೆ ಗೊತ್ತಾಗತ್ತೆ, ಇಲ್ಲಿ ಕಪ್ಪು ಚೌಕ ಬಿಟ್ರೆ ಏನೂ ಕಾಣಲ್ಲ, ಎರಡನೇ ಹೆಜ್ಜೇಲಿ ನಿಂತೋರು ನಾಚಿಕೊಂಡು ಕೊನೇವರೆಗೂ ಸುಮ್ನೆ ಇದ್ಬಿಡ್ತಾರೆ. ಪ್ರತಿ ಹೆಜ್ಜೆಗೂ ಒಂದು ಚಿಕ್ಕ ಉತ್ತರ ಟೈಪ್ ಮಾಡ್ಸಿ, ಉದಾಹರಣೆಗೆ ವಿಂಡೋಸ್ ಬರೆದಿಡೋ ಪ್ರಿಫೆಚ್ ಫೈಲ್ ಪ್ರಕಾರ ಆ ಪ್ರೋಗ್ರಾಂ ಕೊನೇ ಸಲ ಯಾವಾಗ ಓಡಿತ್ತು ಅಂತ. ಉತ್ತರ ಬರದೆ ಇರೋರು ಯಾರು ಅಂತ ನಿಮ್ಮ ಪರದೆ ಮೇಲೆ ಕಾಣತ್ತೆ, ಅವರ ಹತ್ರ ನೀವೇ ಹೋಗಿ. ಮಾಲ್ವೇರ್ ಸ್ಯಾಂಪಲ್ ಏನಾದ್ರೂ ಇದ್ರೆ ಅದನ್ನ ಯಾರ ಸ್ವಂತ ಮಷೀನಿಗೂ ಇಳಿಸೋಕೆ ಬಿಡ್ಬೇಡಿ, ಹೊರಗಿನ ನೆಟ್‌ವರ್ಕ್ ಇಲ್ಲದ ವಿಎಂ ಒಳಗೇ ಇರ್ಲಿ.

ಸ್ಪರ್ಧೆ ವಿಷಯಕ್ಕೆ ಬಂದ್ರೆ, ಇದು ಆನ್‌ಲೈನಿಗೆ ಹೇಳಿ ಮಾಡಿಸಿದ್ದು. ಡಿಎಫ್‌ಆರ್‌ಡಬ್ಲ್ಯೂಎಸ್‌ನವರು 2005ರಲ್ಲಿ ವಿಂಡೋಸ್ ಮೆಮೊರಿ ಡಂಪ್ (ಓಡ್ತಿರೋ ಕಂಪ್ಯೂಟರಿನ ಮೆಮೊರಿಯ ನಕಲು) ಕೊಟ್ಟು ಇದ್ರಲ್ಲಿ ಏನಿದೆ ಹೇಳಿ ಅಂತ ಚಾಲೆಂಜ್ ಹಾಕಿದ್ರು. ಆಗೆಲ್ಲ ಮೆಮೊರಿ ಅಂದ್ರೆ ಅಕ್ಷರಗಳನ್ನ ಹೆಕ್ಕೋ ಸ್ಟ್ರಿಂಗ್ಸ್ ಟೂಲ್ ಓಡಿಸಿ ಪಾಸ್‌ವರ್ಡ್ ಸಿಗತ್ತಾ ನೋಡೋದು ಅಷ್ಟೇ, ಆ ಚಾಲೆಂಜಿಗೆ ಉತ್ತರ ಬರೆಯೋಕೆ ಹೋದೋರು ಪ್ರೋಸೆಸ್ ಲಿಸ್ಟನ್ನೇ (ಓಡ್ತಿದ್ದ ಪ್ರೋಗ್ರಾಂಗಳ ಪಟ್ಟಿ) ಡಂಪಿಂದ ಎತ್ತೋ ಟೂಲ್ ಬರೆದ್ರು, ಇವತ್ತಿನ ಮೆಮೊರಿ ಫೊರೆನ್ಸಿಕ್ಸಿಗೆ ಬಲವಾದ ತಳ್ಳು ಸಿಕ್ಕಿದ್ದು ಅಲ್ಲಿ. ಮರುವರ್ಷ 2006ರಲ್ಲಿ ಫೈಲ್ ಕಾರ್ವಿಂಗ್ (ಡಿಸ್ಕಿನ ಕಚ್ಚಾ ಡೇಟಾದಿಂದ ಫೈಲ್ ಹೆಕ್ಕೋದು) ಮೇಲೆ ಇಟ್ರು. ಗಮನಿಸಿ, ಇದಕ್ಕೆ ಯಾರೂ ಒಂದು ಹಾಲಲ್ಲಿ ಕೂರ್ಬೇಕಾಗಿರ್ಲಿಲ್ಲ, ಡೇಟಾ ಇಳಿಸ್ಕೊಂಡು ತಮ್ಮ ತಮ್ಮ ಜಾಗದಲ್ಲಿ ತಿಂಗಳುಗಟ್ಟಲೆ ಕೂತು ಮಾಡಿದ್ದು. ಅದಕ್ಕೇ ನಾನು ಹೇಳೋದು ಕಾನ್ಫರೆನ್ಸಿಗೆ ಮೂರ್ನಾಲ್ಕು ತಿಂಗಳು ಮುಂಚೆ ಒಂದು ಬಿಡಿಸದ ಸಮಸ್ಯೆ ಚಾಲೆಂಜ್ ಆಗಿ ಹಾಕಿ, ಕೋಡ್ ಸಮೇತ ಉತ್ತರ ಕೇಳಿ, ಗೆದ್ದೋರಿಗೆ ಕಾನ್ಫರೆನ್ಸಲ್ಲಿ ಒಂದು ಟಾಕ್ ಕೊಡಿ. ಆ ವಾರದಲ್ಲಿ ಒಂದು ಸಂಜೆ ಚಿಕ್ಕ ಸ್ಪರ್ಧೆ ಬೇಕು ಅಂದ್ರೆ ಸಿಟಿಎಫ್‌ಡಿ ಅಂತ ಸ್ಪರ್ಧೆ ನಡೆಸೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ, ಸುಲಭವಾಗಿ ಸೆಟಪ್ ಮಾಡ್ಬಹುದು, ಆದ್ರೆ ಸಂಜೆ ಬದಲು 24 ಗಂಟೆ ತೆರೆದಿಡಿ, ಯಾರ ಸಂಜೆ ಅಂತ ಹೇಳ್ತೀರ. ತಂಡ ನೀವೇ ಮಾಡಿ, ಬೇರೆ ಬೇರೆ ದೇಶದ ನಾಲ್ಕು ಜನ, ಅದ್ರಲ್ಲೊಬ್ರು ಲ್ಯಾಬಿನವರು ಒಬ್ರು ಸ್ಟೂಡೆಂಟ್ ಇರೋ ಹಾಗೆ.


ಹೊಸಬಿ:

ನಾನು ಪಿಎಚ್‌ಡಿ ಮಾಡ್ತಿದೀನಿ, ಇದೇ ಫೀಲ್ಡು. ಕಾರ್ವರ್ ಸರ್ ತಂಡದ ಬಗ್ಗೆ ಹೇಳಿದ್ದು ತುಂಬಾ ಮುಖ್ಯ, ಅದಕ್ಕೇ ನಾನೂ ಬರೀತಿದೀನಿ.

ಆನ್‌ಲೈನ್ ಕಾನ್ಫರೆನ್ಸಲ್ಲಿ ದೊಡ್ಡವರಿಗೆ ಅಷ್ಟೇನೂ ನಷ್ಟ ಇಲ್ಲ, ಅವರಿಗೆ ಒಬ್ಬರಿಗೊಬ್ಬರು ಮೊದಲೇ ಗೊತ್ತು, ಒಂದು ಮೆಸೇಜ್ ಹಾಕಿದ್ರೆ ಮಾತು ಶುರು. ನಮ್ಮಂಥವರಿಗೆ ಬ್ರೇಕಲ್ಲಿ ಯಾರ ಪಕ್ಕಾನೋ ನಿಂತು ನಿಮ್ಮ ಪೇಪರ್ ಓದಿದೀನಿ ಅಂತ ಹೇಳೋ ಅವಕಾಶನೇ ಎಲ್ಲ. ಗ್ಯಾದರ್ ಥರ ಮ್ಯಾಪ್ ಮೇಲೆ ಗೊಂಬೆ ಓಡಾಡಿಸೋ ಜಾಗ ಕೊಟ್ಟು ಹೋಗಿ ಬೆರೀರಿ ಅಂದ್ರೆ ಪರಿಚಯ ಇರೋರು ಒಂದು ಕಡೆ ಗುಂಪಾಗ್ತಾರೆ, ಉಳಿದವರು ಐದು ನಿಮಿಷ ಸುತ್ತಿ ಟ್ಯಾಬ್ ಮುಚ್ತಾರೆ. ತಾನಾಗೇ ಆಗತ್ತೆ ಅಂತ ಬಿಡ್ಬೇಡಿ, ನೀವೇ ಜೊತೆ ಮಾಡ್ಸಿ. ರಿಜಿಸ್ಟ್ರೇಶನ್ ಫಾರಂನಲ್ಲಿ ಏನ್ ಕೆಲಸ ಮಾಡ್ತಿದೀರ, ಎಲ್ಲಿ ಸಿಕ್ಕಾಕೊಂಡಿದೀರ ಅಂತ ಎರಡು ಸಾಲು ಕೇಳಿ, ಅದನ್ನ ನೋಡಿ ಪ್ರತಿ ಸ್ಟೂಡೆಂಟಿಗೂ ಒಬ್ಬ ಅನುಭವಸ್ಥರ ಜೊತೆ ಅರ್ಧ ಗಂಟೆ ಕ್ಯಾಲೆಂಡರಲ್ಲೇ ಹಾಕಿ ಕೊಡಿ. ಮೂರ್ನಾಲ್ಕು ಜನರ ಸಣ್ಣ ಮೇಜು ಥರ ವಿಷಯದ ಮೇಲೆ ರೂಂ ಮಾಡಿ, ಮೊಬೈಲ್, ಮೆಮೊರಿ, ವಾಹನದ ಡೇಟಾ, ಕ್ಲೌಡ್ ಲಾಗ್, ಹೀಗೆ, ಪ್ರತಿ ರೂಮಿಗೂ ಮಾತಾಡಿಸೋ ಸ್ವಭಾವದ ಒಬ್ರು ಇರ್ಲಿ.

ಮತ್ತೆ ಪೋಸ್ಟರ್ ಸೆಷನ್ ದಯವಿಟ್ಟು ತೆಗೀಬೇಡಿ, ಸ್ಟೂಡೆಂಟ್‌ಗಳ ಕೆಲಸ ಜನ ನೋಡೋ ಜಾಗ ಅದೊಂದೇ. ಒಬ್ಬೊಬ್ಬರಿಗೂ ಎರಡು ನಿಮಿಷ ಎಲ್ಲರ ಮುಂದೆ ಮಾತಾಡೋಕೆ ಕೊಟ್ಟು ಆಮೇಲೆ ರೂಂಗಳಿಗೆ ಬಿಡಿ. ಮುಗಿದ್ಮೇಲೂ ಚಾಟ್ ಒಂದೆರಡು ತಿಂಗಳು ತೆರೆದಿರ್ಲಿ, ಪೇಪರ್ ಓದ್ತಾ ಓದ್ತಾ ಪ್ರಶ್ನೆ ಹುಟ್ಟೋದು ಆಮೇಲೆ.


ಲ್ಯಾಬ್_ಮಂದಿ:

ಹೊಸಬಿ ಅವ್ರು ಹೇಳಿದ್ದು ಖರೇ ಐತಿ. ಅರ್ಧ ತಾಸು ಒಬ್ರ ಜೋಡಿ ಕೂಡೋದಂದ್ರ ನಾನೂ ತಯಾರ್ ಅದೀನ್ರಿ, ನಮ್ಮ ಕಡೆ ಎಂಥಾ ಫೋನು ಬರ್ತಾವು, ಎಲ್ಲಿ ಟೂಲ್ ಕೈ ಎತ್ತತಾವು ಅಂತ ಕೇಳಿದ್ರ ಹುಡುಗ್ರಿಗೆ ಪಿಎಚ್‌ಡಿಗೆ ವಿಷಯ ಬೇಕಾದಷ್ಟು ಸಿಗತಾವು. ನಮ್ಮಂಥವ್ರನ್ನ ಬರೀ ಕೇಳಾವ್ರು ಅಂತ ಕರೀಬ್ಯಾಡ್ರಿ, ಪೇಪರ್ ಬರಿಯಾಕ ಬರದವ್ರಿಗೂ ಒಂದು ಹತ್ತು ನಿಮಿಷದ ಜಾಗ ಇಡ್ರಿ.


ಬಿಟ್‌ಕಾಪಿ:

ಖಂಡಿತ ಸರ್, ಲ್ಯಾಬಿನವರು ಪೇಪರ್ ಇಲ್ದೆ ಬರೀ ಅನುಭವ ಹೇಳೋ ಹತ್ತು ನಿಮಿಷದ ಟಾಕಿಗೆ ಬೇರೆ ವಿಭಾಗನೇ ಇಡ್ತೀವಿ, ಒಂದು ಪುಟದ ವಿವರ ಕಳಿಸಿದ್ರೆ ಸಾಕು. ಚಾಲೆಂಜಿಗೆ ಇಮೇಜ್ ನಾವೇ ಮಾಡೋಣ ಅಂತ ಅಂದ್ಕೊಂಡಿದೀನಿ, ಕಾರ್ವರ್ ಅವರೇ ನಿಮಗೆ ಖಾಸಗಿ ಮೆಸೇಜ್ ಹಾಕ್ತೀನಿ, ಕಥೆ ಹೆಣೆಯೋಕೆ ಸ್ವಲ್ಪ ಸಹಾಯ ಬೇಕು. ಜುಲೈಗೇ ಇಟ್ಕೊಳ್ತೀವಿ, ಮಾರ್ಚ್ ಬಿಟ್ವಿ. ಒಂದೇ ಒಂದು ಉಳಿದಿದೆ, ಪೇಪರ್‌ಗಳನ್ನ ಕಾನ್ಫರೆನ್ಸಿಗೆ ಮುಂಚೆ ಎಲ್ರಿಗೂ ತೆರೆದಿಡ್ಬೇಕಾ ಇಲ್ಲ ಮುಗಿದ್ಮೇಲಾ?


ಇಂಕ್ವೆಸ್ಟ್:

ಮುಂಚೆನೇ, ಕನಿಷ್ಠ ಎರಡು ವಾರ. ಚರ್ಚೆ ಶುರು ಮಾಡೋರು ಓದ್ಬೇಕಲ್ಲ. ರಿಜಿಸ್ಟರ್ ಆಗದವರಿಗೂ ಉಚಿತವಾಗಿ ಸಿಗ್ಲಿ, ಡಿಫೆನ್ಸ್ ಕಡೆ ವಕೀಲರಿಗೂ ನಾವು ಬರೆದ ಮೆಥಡ್ ಓದಿ ಪ್ರಶ್ನೆ ಮಾಡೋಕೆ ಸಾಧ್ಯ ಆಗ್ಬೇಕು, ದುಡ್ಡಿನ ಗೋಡೆ ಹಿಂದೆ ಇಟ್ರೆ ಅದು ಆಗಲ್ಲ. ಕೋಡ್, ಟೆಸ್ಟ್ ಡೇಟಾ ಪೇಪರ್ ಪುಟದಲ್ಲೇ ಇರ್ಲಿ, ಇಲ್ದಿದ್ರೆ ಯಾಕೆ ಕೊಡೋಕಾಗಲ್ಲ ಅಂತ ಬರೆದವರು ಒಂದು ಸಾಲು ಬರೀಲಿ. ಮುಚ್ಚಿದ ಸೆಷನ್ ಬಿಟ್ಟು ಉಳಿದ ಚರ್ಚೆಯ ರೆಕಾರ್ಡಿಂಗ್ ಹಾಕೋ ಮುಂಚೆ ಅದ್ರಲ್ಲಿ ಮಾತಾಡಿದ ಪ್ರತಿಯೊಬ್ಬರಿಗೂ ಒಂದ್ಸಲ ತೋರ್ಸಿ ಒಪ್ಪಿಗೆ ತಗೊಳ್ಳಿ.